ಸೋನಕ್ಕನ ಪಂಕ್ತಿ

ಬೆಳಗಾವಿಗೆ ಓದಲು ಬಂದ ಹುಡುಗ ಮೊದಲು ಕಲಿಯುತ್ತಿದ್ದದ್ದು ಇಂಗ್ಲಿಷ್ ಅಲ್ಲ, ಯಾರ ಮನೆಯಲ್ಲಿ ಉಣ್ಣಬಾರದು ಎಂಬುದು. ಆಗಿನ್ನೂ ಊರಿಗೆ ಕಾಲೇಜು ಬಂದಿರಲಿಲ್ಲ. ಮೆಟ್ರಿಕ್ ದಾಟಿದವರು ಧಾರವಾಡಕ್ಕೋ ಪುಣೆಗೋ ಹೋಗುತ್ತಿದ್ದರು, ದಾಟದವರು ದಾಟುವವರೆಗೆ ಹೈಸ್ಕೂಲಿನ ಸುತ್ತಲಿನ ಖಾನಾವಳಿಗಳಲ್ಲಿ ಉಣ್ಣುತ್ತ ಬಿದ್ದಿರುತ್ತಿದ್ದರು. ಬ್ರಾಹ್ಮಣರ ಖಾನಾವಳಿಯಲ್ಲಿ ನಮ್ಮಂಥವರಿಗೆ ಪಡಸಾಲೆಯೇ ಗತಿ, ಅದೂ ಅವರೆಲ್ಲ ಉಂಡೆದ್ದ ಮೇಲೆ. ಲಿಂಗಾಯತ ಹುಡುಗರಿಗೆ ಅವರದೇ ಬೋರ್ಡಿಂಗ್ ಇತ್ತು. ಅಲ್ಲಿ ಊಟಕ್ಕಿಂತ ಉಪದೇಶವನ್ನೇ ಹೆಚ್ಚು ಬಡಿಸುತ್ತಾರೆಂದು ಅವರೇ ಗೊಣಗುತ್ತಿದ್ದರು. ವಾರಾನ್ನದ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ತಿರುಗಿ ತಿರುಗಿ, ಯಾವ ಓಣಿಯಲ್ಲಿ ಯಾವ ಗೃಹಿಣಿ ತುಪ್ಪದ ಚಮಚ ಝಾಡಿಸುತ್ತಾಳೆ ಎಂಬುದನ್ನು ಬೀಜಗಣಿತಕ್ಕಿಂತ ಚೆನ್ನಾಗಿ ಬಲ್ಲವರಾಗಿದ್ದರು. ಜೈನರ ಹುಡುಗರಾದ ನಮಗೆ ಇದ್ದದ್ದು ಒಂದೇ ಜಾಗ, ಅನಗೋಳದ ದಾರಿಯ ಬಾಜುವಿನ ಓಣಿಯಲ್ಲಿ ಸೋನಾಬಾಯಿಯ ಖಾನಾವಳಿ. ಬೆಳಗಾವಿಯಲ್ಲಿ ಅದಕ್ಕಿಂತ ಶುದ್ಧವಾದ ಊಟ ಇರಲಿಲ್ಲ. ಅದನ್ನು ನಮ್ಮಷ್ಟು ತಾತ್ಸಾರದಿಂದ ಉಂಡವರೂ ಇರಲಿಲ್ಲ.

ನಾವೆಲ್ಲ ಆಕೆಯನ್ನು ಸೋನಕ್ಕ ಎನ್ನುತ್ತಿದ್ದೆವು. ಖಾನಾಪುರದ ಲಕ್ಷ್ಮಪ್ಪನ ಅತ್ತಿಗೆ. ಲಕ್ಷ್ಮಪ್ಪ ಭತ್ತದ ವ್ಯಾಪಾರಿ, ಬಸದಿಯ ಪಂಚರಲ್ಲಿ ಒಬ್ಬ, ಇರುವೆಗೆ ಸಕ್ಕರೆ ಹಾಕಿ ಮನುಷ್ಯರನ್ನು ಉಪವಾಸ ಕೆಡವುವ ನಮೂನೆಯ ಧರ್ಮಾತ್ಮ. ಊರೂರಿಗೆ ಮಾನಮೋಡಿ ಜ್ವರ ಬಂದ ವರ್ಷ ಸೋನಕ್ಕನ ಗಂಡ ಮೂರೇ ದಿನದಲ್ಲಿ ತೀರಿಕೊಂಡ. ಆಕೆಗೆ ಆಗ ಇಪ್ಪತ್ತೆಂಟು, ಮಕ್ಕಳಿಲ್ಲ. ಮೈದುನ ಊರ ಮುಂದೆ ಕಣ್ಣೀರಿಟ್ಟು, "ವೈನಿ ಅಂದ್ರ ನಮ್ಮ ಮನಿ ದೇವರಿದ್ದಂಗ" ಎಂದ. ಮರುವಾರವೇ ಅಡಿಗೆಯವಳನ್ನು ಬಿಡಿಸಿದ. ಆ ದೇವರು ನಾಲ್ಕು ವರ್ಷ ನಸುಕಿನಲ್ಲೆದ್ದು ಹದಿನೇಳು ಮಂದಿಗೆ ಬೇಯಿಸಿ, ಹಿತ್ತಲ ಕಟ್ಟೆಯ ಮೇಲೆ ಕುಳಿತು ಉಳಿದದ್ದನ್ನು ಉಂಡಿತು.

ಅದೇ ಮನೆಗೆ ಲಕ್ಷ್ಮಪ್ಪನ ತಂಗಿ ಕಾಂತಾ ತಿರುಗಿ ಬಂದಳು. ದೇಸೂರಿನ ಗಂಡ ಇನ್ನೊಬ್ಬಳನ್ನು ಮಾಡಿಕೊಂಡು ಇವಳನ್ನು ಹೊಡೆದು ಹೊರಗೆ ಹಾಕಿದ್ದ. ಅಣ್ಣ ಆಕೆಯನ್ನು ಎರಡು ಸಲ ಗಂಡನ ಮನೆಗೆ ಅಟ್ಟಿದ, ಎರಡು ಸಲವೂ ಆಕೆ ಮೈಮೇಲೆ ಬಾಸುಂಡೆ ಹೊತ್ತು ನಡೆದುಕೊಂಡೇ ಬಂದಳು. ಮೂರನೆಯ ಸಲ ಅಟ್ಟುವ ಮಾತು ಎದ್ದಾಗ ಸೋನಕ್ಕ ಒಲೆ ಆರಿಸಿ, ನಾದಿನಿಯ ಕೈಹಿಡಿದು ರೈಲು ಹತ್ತಿದಳು. ಬೆಳಗಾವಿಯಲ್ಲಿ ಎರಡು ಕೋಣೆ, ಹಿತ್ತಲಲ್ಲೊಂದು ಬಾವಿ ಇದ್ದ ಮನೆ ಹಿಡಿದಳು. ನಮ್ಮವರ ಮನೆಯಲ್ಲಿ ನಮ್ಮವರಲ್ಲದೆ ಬೇರೆಯವರು ಉಣ್ಣುವ ಕಾಲ ಅದಲ್ಲ. ಆಕೆಯ ಬದುಕೆಲ್ಲ ಜೈನರ ಹದಿನಾಲ್ಕು ಹುಡುಗರ ಮೇಲೆ ನಿಂತಿತ್ತು. ಖಾನಾವಳಿ ನಡೆದರೆ ಇಬ್ಬರೂ ಉಳಿದರು. ನಿಂತರೆ ಒಬ್ಬಳಿಗೆ ಮೈದುನನ ಹಿತ್ತಲು, ಇನ್ನೊಬ್ಬಳಿಗೆ ದೇಸೂರಿನ ಬಡಿಗೆ. ಇದು ನಮಗೆಲ್ಲ ಗೊತ್ತಿತ್ತು, ಆಕೆ ಏನನ್ನೂ ಮುಚ್ಚಿಟ್ಟವಳಲ್ಲ.

ಬಾವಿಯ ನೀರನ್ನು ಎರಡು ಪದರಿನ ಅರಿವೆಯಲ್ಲಿ ಸೋಸಿ, ಆ ಅರಿವೆಯನ್ನು ಮಗುಚಿ ಜಾಲಿಸಿ, ಅದರಲ್ಲಿ ಸಿಕ್ಕಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಇಳಿಸಿದ ಮೇಲೆ ಆಕೆ ಒಲೆ ಹೊತ್ತಿಸುವಳು. ನಮ್ಮಲ್ಲಿ ಕಾಂದಾ ಎನ್ನುವ ಈರುಳ್ಳಿ, ಬೆಳ್ಳುಳ್ಳಿ, ಬಟಾಟಿ ಹೊಸ್ತಿಲು ದಾಟುವಂತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಉಂಡು ಏಳಬೇಕು; ಆಮೇಲೆ ಬಂದವನು ಕಲೆಕ್ಟರ್ ಸಾಹೇಬನ ಮಗನಾದರೂ ಬಾಗಿಲು ತೆರೆಯದು. ಸೋನಕ್ಕ ಒಲೆಯ ಮುಂದಿದ್ದರೆ ಪಂಕ್ತಿಗೆ ಬಡಿಸುವುದು ಕಾಂತಾ. ಯಾರ ಮುಖವನ್ನೂ ನೋಡದೆ ತಾಟು ನೋಡಿ ಬಡಿಸುವಳು, ಹೀಗಾಗಿ ವಕೀಲನ ಮಗನಿಗೂ ಗುಮಾಸ್ತನ ಮಗನಿಗೂ ಮಡಕಿಕಾಳಿನ ಪಲ್ಯ ಒಂದೇ ಅಳತೆ. ನಮ್ಮ ಕಡೆ ಮನೆಯ ಚಿಕ್ಕ ಹೆಣ್ಣುಮಗಳನ್ನು ಅಕ್ಕರೆಯಿಂದ 'ಅದು' ಎಂದೇ ಕರೆಯುವ ರೂಢಿ. ಸೋನಕ್ಕನೂ, "ಕಾಂತಾ ಐತೆಲ್ಲ, ಅದಕ್ಕ ಭಾಳ ಹಟ. ನಿಮ್ಮದೆಲ್ಲಾ ಆಗೂತನಕಾ ಅದು ಉಣ್ಣಾಂಗಿಲ್ಲ" ಎಂದು ನಗುತ್ತಿದ್ದಳು. ಗಂಡ ಬಿಟ್ಟವಳು ಪಂಕ್ತಿಗೆ ಬಡಿಸಬಾರದೆಂದು ಬಸದಿಯಲ್ಲಿ ಒಂದಿಬ್ಬರು ಪಿಸುಗುಟ್ಟಿದ್ದರು. ಸೋನಕ್ಕನಿಗೆ ಇದ್ದ ಭಯ ಅದೊಂದೇ.

ಇನ್ನು ನಾವು. ಆ ಊಟಕ್ಕೆ ನಾವಿಟ್ಟ ಹೆಸರು 'ದನದ ದಾಣಿ'. ಸಾಲೆ ಬಿಟ್ಟ ಮೇಲೆ ಕ್ರಿಕೆಟ್ ಆಡುತ್ತ ಬೇಕೆಂದೇ ಹೊತ್ತು ಮುಳುಗಿಸಿ, "ಸೋನಕ್ಕ ಬಾಗಿಲಾ ಹಾಕ್ಯಾಳೋ" ಎಂದು ದೊಡ್ಡದಾಗಿ ದುಃಖಪಟ್ಟು, ಸ್ಟೇಶನ್ನಿನ ಬಾಜುವಿನ ಹೋಟೆಲ್ಲಿಗೆ ಓಡುತ್ತಿದ್ದೆವು. ಅಲ್ಲಿಯ ಕಾಂದಾಭಜಿ ಎಂದರೆ ನಮಗೆ ಆಗ ಮೋಕ್ಷ. ಹೋಟೆಲ್ಲಿನವನು ಹಿಟ್ಟು ಕಲಸಿದ ಕೈಯಲ್ಲೇ ಮೂಗು ಒರೆಸಿಕೊಳ್ಳುವುದನ್ನು ಕಣ್ಣಾರೆ ಕಂಡೂ ತಿಂದೆವು. ತಿಂದು ಬಂದು ಸುಧಾರಣೆ, ಸ್ವರಾಜ್ಯ ಎಂದು ಮಾತಾಡಿದೆವು. ಈ ಸುಧಾರಕರಲ್ಲಿ ಒಬ್ಬನಿಗೂ ಮನೆಯಲ್ಲಿ ಅಪ್ಪನ ಮುಂದೆ ಕಾಂದಾ ಎನ್ನುವ ಎದೆ ಇರಲಿಲ್ಲ. ಎಲ್ಲರಿಗಿಂತ ಪುಕ್ಕಲ ನಾನು, ಖಾನಾಪುರದ ಜಿನಪ್ಪನ ಮಗ ತಮ್ಮಣ್ಣ.

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷ, ದೀಪಾವಳಿಯ ಸೂಟಿ. ರೈಲು ತಡವೆಂದು ಸ್ಟೇಶನ್ ಹೋಟೆಲ್ಲಿನಲ್ಲಿ ಎರಡು ತಾಟು ಭಜಿ ತಿಂದು ಹತ್ತಿದೆ. ಖಾನಾಪುರದಲ್ಲಿ ಇಳಿದು ಅಪ್ಪನ ಕಾಲು ಮುಟ್ಟಲು ಬಗ್ಗಿದವನ ಬಾಯಿಯ ವಾಸನೆ ಅಪ್ಪನ ಮೂಗಿಗೆ ಹೊಡೆಯಿತು. ಪಂಚರಾದ ಸತ್ಯಪ್ಪನವರು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು.

"ಏನ್ ತಿಂದ್ ಬಂದಿ?" ಎಂದ ಅಪ್ಪ.

"ಖಾನಾವಳ್ಯಾಗ ಉಂಡ್ ಬಂದೇನ್ರಿ ಅಪ್ಪಾ."

"ಅಲ್ಲೆ ಹೆಂಗ್ ನಡದೈತಿ?"

ಮಾತು ಬೇರೆ ಕಡೆ ಹೊರಳಿಸಿದರೆ ಸಾಕಾಗಿತ್ತು. ಅವಸರದಲ್ಲಿ, "ಸೋನಕ್ಕ ಒಲಿ ಬಿಟ್ಟು ಏಳೂದಿಲ್ರಿ, ಪಂಕ್ತಿಗೆಲ್ಲಾ ಈಗ ಕಾಂತಾ..." ಎಂದೆ.

"ಪಂಕ್ತಿಗೆಲ್ಲಾ ಕಾಂದಾ?"

ನಮ್ಮ ಸೀಮೆಯ ಅರ್ಧ ಮಂದಿ ಉಳ್ಳಾಗಡ್ಡಿ ಎಂದರೆ, ಅಪ್ಪನಂತೆ ಮರಾಠಿಯವರ ಸಂಗಡ ದಿನವೂ ವ್ಯಾಪಾರ ಮಾಡುವ ಉಳಿದರ್ಧ ಕಾಂದಾ ಎನ್ನುತ್ತಾರೆ. ಅಂಜಿದವನ ನಾಲಿಗೆಯಲ್ಲಿ 'ತಾ' ಎಲ್ಲಿ, 'ದಾ' ಎಲ್ಲಿ? "ಅಲ್ರಿ ಅಪ್ಪಾ, ಕಾಂತಾ, ಲಕ್ಷ್ಮಪ್ಪ ಕಾಕಾನ ತಂಗಿ" ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಹಾಗೆಂದರೆ ವಾಸನೆ ಎಲ್ಲಿಂದ ಬಂತೆಂದು ಹೇಳಬೇಕಿತ್ತು. ನಾನು ನೆಲ ನೋಡುತ್ತ, "ಹೂಂ ರೀ" ಎಂದೆ.

ಸುದ್ದಿ ಲಕ್ಷ್ಮಪ್ಪನಿಗೆ ಮುಟ್ಟಲು ತಡವಾಗಲಿಲ್ಲ. ಅತ್ತಿಗೆ ಹೋದಂದಿನಿಂದ ಆತ ಇಬ್ಬರು ಅಡಿಗೆಯವರನ್ನು ಇಟ್ಟು ಬಿಡಿಸಿದ್ದ, ಇಬ್ಬರೂ ಕೂಲಿ ಕೇಳುವವರು. ಸೂಟಿ ಮುಗಿದ ಭಾನುವಾರ ಲಕ್ಷ್ಮಪ್ಪ, ಸತ್ಯಪ್ಪ, ನನ್ನ ಅಪ್ಪ ಮೂವರೂ ಹೊಸ ರುಮಾಲು ಸುತ್ತಿಕೊಂಡು ಬೆಳಗಾವಿಗೆ ಬಂದರು. ಧರ್ಮ ಕೆಟ್ಟಾಗ ನಮ್ಮ ಹಿರಿಯರಿಗೆ ಎಲ್ಲಿಲ್ಲದ ಹುರುಪು. ನಾವು ಹುಡುಗರು ಪಡಸಾಲೆಯ ಗೋಡೆಗೆ ಆತು ನಿಂತೆವು.

"ಬರ್ರಿ, ಕುಂದರ್ರಿ," ಎಂದು ಸೋನಕ್ಕ ಚಾಪೆ ಹಾಸಿ ನೀರು ತಂದಿಟ್ಟಳು. ಮೂವರೂ ಕೂಡಲಿಲ್ಲ, ನೀರು ಮುಟ್ಟಲಿಲ್ಲ.

"ಕುಂದ್ರಾಕ ಬಂದಿಲ್ಲ," ಎಂದರು ಸತ್ಯಪ್ಪ, "ನಿನ್ನ ಪಂಕ್ತ್ಯಾಗ ಕಾಂದಾ ಐತಿ ಅಂತ ಕೇಳೇವಿ. ಖರೇ ಏನು?"

ಸೋನಕ್ಕನ ಮುಖ ಬಿಳುಪೇರಿತು. ಎಷ್ಟು ದಿನದಿಂದ ಅಂಜಿದ್ದಳೋ ಅದೇ ಮಾತು ಬಾಗಿಲಿಗೆ ಬಂದಿದೆ ಎಂದುಕೊಂಡಳು. ಆಕೆಯ ಕಿವಿಗೆ ಬಿದ್ದದ್ದು ನಾದಿನಿಯ ಹೆಸರು. ಹಿಂದೆ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಕಾಂತಾಳಿಗೂ ಅದೇ ಕೇಳಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಐತಿ," ಎಂದಳು ಸೋನಕ್ಕ, "ಖರೇನ ಐತಿ. ಮುಚ್ಚಿಡಾಕ ನಾ ಏನ್ ಕಳ್ಳತನಾ ಮಾಡೇನಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಸ್ವಲ್ಪ ಮೆತ್ತಗಾಗಿ, "ನೋಡವಾ, ಆದದ್ದಾತು. ಇನ್ನ ಮುಂದ ತಗದಬಿಡ್ತೇನಿ ಅನ್ನು. ನಾವೂ ಇಲ್ಲಿಗೇ ಬಿಡ್ತೇವಿ" ಎಂದ.

"ತಗಿಯಾಂಗಿಲ್ರಿ. ಕಾಂತಾ ಇಲ್ದ ಈ ಮನ್ಯಾಗ ಪಂಕ್ತಿನೇ ಏಳೂದಿಲ್ಲ. ಯಾವ ಧರ್ಮದಾಗ ಬರದೈತಿ ತಗೀರಿ ಅಂತ?"

"ಕೇಳ್ರೆಪಾ!" ಎಂದು ಲಕ್ಷ್ಮಪ್ಪ ಎರಡೂ ಕಿವಿ ಮುಚ್ಚಿಕೊಂಡ. "ಧರ್ಮಾನ ಕೇಳ್ತಾಳ ನನಗ!"

"ನಿನಗ ಕೇಳಾಕ ಮಾರಿ ಐತೇನು ಮೈದುನಾ? ಅದು ಯಾರ ಹೊಟ್ಟ್ಯಾಗ ಹುಟ್ಟಿದ್ದು ಅನ್ನೂದರ ನೆನಪೈತೇನು?" ಎಂದು ಸೋನಕ್ಕ ಚೀರಿದಳು. ಮೂವರೂ ಆಕೆಗೆ ತಲೆ ತಿರುಗಿದೆ ಎಂದುಕೊಂಡರು. ಕಾಂದಾ ಹುಟ್ಟುವುದು ಮಣ್ಣಿನಲ್ಲಿ, ಹೊಟ್ಟೆಯಲ್ಲಲ್ಲ ಎಂದು ಕೂಡ ಒಬ್ಬನಿಗೂ ಹೊಳೆಯಲಿಲ್ಲ. ಆಕೆ ಅಡಿಗೆಮನೆಯ ಬಾಗಿಲು ತೋರಿಸಿ, "ಒಳಗ ಬಂದ ನೋಡ್ರಿ, ನನ್ನ ಆಚಾರದಾಗ ಏನ್ ಕೊರತಿ ಐತಿ ತೋರಸ್ರಿ" ಎಂದಳು. ನಾಲ್ಕು ಹೆಜ್ಜೆ ಒಳಗಿಟ್ಟಿದ್ದರೆ ಮುಗಿದಿತ್ತು. ಇಟ್ಟರೆ ಮೈಲಿಗೆಯಾಗುತ್ತದೆಂದು ಇಡಲಿಲ್ಲ. ನೋಡದೆ ತೀರ್ಪು ಕೊಡುವುದೇ ಅವರಿಗೆ ಶುದ್ಧ.

ಹುಡುಗರಲ್ಲಿ ಉಳಿದವರಿಗೆ ಏನೂ ಗೊತ್ತಾಗಲಿಲ್ಲ. ಕಾಂತಾಳ ಮೇಲೆಯೇ ಜಗಳ ಎಂದು ಅವರೂ ತಿಳಿದರು. ಎರಡೂ ಕಡೆಯದು ಗೊತ್ತಿದ್ದವನು ನಾನೊಬ್ಬ. ನನ್ನ ಬಾಯಿ ಕಟ್ಟಿಹೋಯಿತು ಎಂದರೆ ಸುಳ್ಳಾದೀತು. ಯಾರೂ ಕಟ್ಟಿರಲಿಲ್ಲ. ಅಪ್ಪನ ಏಟಿಗೆ ಅಂಜಿ, ಎರಡು ಹೆಂಗಸರ ಬಾಳು ಅಂಗಳದಲ್ಲಿ ಬೀಳುವುದನ್ನು ಕಣ್ಣುಬಿಟ್ಟು ನೋಡುತ್ತ ನಿಂತೆ.

ಎಂಟು ದಿನದಲ್ಲಿ ಹದಿನಾಲ್ಕೂ ಹುಡುಗರನ್ನು ಬಿಡಿಸಿ ಬಸದಿಯ ಪಡಸಾಲೆಗೆ ಹಾಕಿದರು. ಅಲ್ಲಿ ಬೇಯಿಸಲು ಬಂದವನು ನೀರು ಸೋಸುವ ಅರಿವೆಯಲ್ಲೇ ಬೆವರು ಒರೆಸಿಕೊಳ್ಳುತ್ತಿದ್ದ. ಗಂಡಸು, ಹೀಗಾಗಿ ಯಾವ ಪಂಚರೂ ಬಂದು ಕೇಳಲಿಲ್ಲ.

ಸೋನಕ್ಕ ತಿಂಗಳೊಪ್ಪತ್ತು ಎಳೆದಳು. ಒಂದು ಶನಿವಾರ ನಾನು ಊರಿಗೆ ಹೊರಟ ರೈಲಿನಲ್ಲೇ, ಮುಂದಿನ ಡಬ್ಬಿಯಲ್ಲಿ ಇಬ್ಬರೂ ಇದ್ದರು. ಲಕ್ಷ್ಮಪ್ಪ ಹೇಳಿ ಕಳಿಸಿದ್ದನಂತೆ: ವೈನಿಗೆ ಮನೆಯಲ್ಲಿ ಜಾಗವಿದೆ, ತಂಗಿಗೆ ಗಂಡನ ಮನೆ ಇದೆ. ದೇಸೂರಿನಲ್ಲಿ ಕಾಂತಾ ಗಂಟು ಹಿಡಿದು ಇಳಿದಳು. ಸೋನಕ್ಕ ಕಿಟಕಿಯಿಂದ ಕೈ ಹೊರಹಾಕಿ ಆಕೆಯ ಕೈ ಹಿಡಿದಿದ್ದಳು. ಗಾಡಿ ಅಲುಗಿದ ಮೇಲೆ ಬಿಟ್ಟಳು.

ಅಂದು ಊಟವಾದ ಮೇಲೆ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಭಜಿಯನ್ನೂ ಹೇಳಿದೆ. ಹೊಡೆಯುತ್ತಾನೆ ಎಂದು ಕಾದೆ, ಹೊಡೆಯಲಿಲ್ಲ. "ಮೂರ್ ಮಂದಿ ಹಿರೇರು ಹೋಗಿ ತೀರ್ಮಾನಾ ಮಾಡಿ ಬಂದೇವಿ. ಈಗ ತಪ್ಪಾತು ಅಂದ್ರ ನಮ್ಮ ಮರ್ಯಾದಿ ಏನಾಗಬೇಕು? ಇದನ್ನ ಇಲ್ಲಿಗೇ ನುಂಗು" ಎಂದ. ಅಪ್ಪನ ಮಾತು ಮೀರದ ಮಗ ಎಂದು ನನಗೆ ಊರಲ್ಲಿ ಹೆಸರಿತ್ತು. ನುಂಗಿದೆ.

ಮುಂದಿನ ಮಹಾವೀರ ಜಯಂತಿಗೆ ಲಕ್ಷ್ಮಪ್ಪನ ಮನೆಯಲ್ಲಿ ಮಧ್ಯಾಹ್ನ ಪಂಚರಿಗೆಲ್ಲ ಊಟ. ಅಪ್ಪ ನನ್ನನ್ನೂ ಕರೆದೊಯ್ದ. ಅಡಿಗೆ ಸೋನಕ್ಕನದು, ಬಡಿಸುವುದೂ ಆಕೆಯೇ. ಪಂಚರು ತನ್ನ ಮೇಲೆ ಹೊರಿಸಿದ್ದು ಏನು, ಅದು ಯಾರ ಬಾಯಿಂದ ಹೊರಟಿತು ಎಂಬುದೆಲ್ಲ ಆ ಮನೆಯ ಹೆಂಗಸರಿಂದ ಆಕೆಗೆ ಅಷ್ಟರಲ್ಲಿ ತಿಳಿದಿತ್ತು. ಸತ್ಯಪ್ಪನವರು ಹೋಳಿಗೆ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಇಂಥಾ ಶುದ್ಧ ಅಡಿಗಿ ಉಂಡು ಎಷ್ಟ ವರ್ಷಾ ಆತೋ!"

"ನಮ್ಮ ವೈನಿ ಕೈಗುಣಾರೀ," ಎಂದು ಲಕ್ಷ್ಮಪ್ಪ ಬೀಗಿದ.

ಸೋನಕ್ಕ ಪಲ್ಯದ ಪಾತ್ರೆ ಹಿಡಿದು ಬಂದು ನನ್ನ ಎಲೆಯ ಮುಂದೆ ನಿಂತಳು. ಕಾಂತಾಳ ಹಾಗಲ್ಲ, ನೇರ ನನ್ನ ಮುಖ ನೋಡಿದಳು.

"ಉಣ್ಣು ತಮ್ಮಣ್ಣಾ, ಅಂಜಬ್ಯಾಡ. ಈ ಪಂಕ್ತ್ಯಾಗ ಕಾಂತಾ ಇಲ್ಲ."

"ಹಾಂ! ಕಾಂದಾ ಇಲ್ಲಂದ್ರ ರುಚಿನೇ ಬ್ಯಾರೆ," ಎಂದು ಸತ್ಯಪ್ಪನವರು ತಲೆದೂಗಿದರು.

ಅಪ್ಪ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎಲೆಗೆ ಬಿದ್ದದ್ದನ್ನೆಲ್ಲ ಉಂಡೆ.