ಕಂಬಳಿ ಹೊದ್ದ ಬಸ್ಸು

ನನ್ನ ಯಜಮಾನರ ಹೆಸರು ಮರುಳಸಿದ್ದಯ್ಯ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಬಾಯಲ್ಲಿ ಹೇಳಿದವಳಲ್ಲ, ಈಗ ಬರೆಯುತ್ತಿದ್ದೇನೆ. ಅವರು ಹೋಗಿ ಈ ಕಾರ್ತೀಕಕ್ಕೆ ವರ್ಷವಾಯಿತು. ಮಣ್ಣು ಕೊಡಲು ಬಂದವರೆಲ್ಲ ಒಳ್ಳೆಯ ಮನುಷ್ಯ ಎಂದರು. ಸತ್ತವರೆಲ್ಲ ಒಳ್ಳೆಯವರೇ. ಇವರು ಬಸ್ಸಿನ ಸದ್ದು ಅಡಗಿಸಿದವರು. ಅದನ್ನು ಯಾರೂ ಹೇಳಲಿಲ್ಲ, ಅದಕ್ಕೇ ನಾನು ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲು ಅವರು ಮಧುಗಿರಿಯಿಂದ ಸಿರಾಕ್ಕೆ ಬಸ್ಸು ಓಡಿಸುತ್ತಿದ್ದರು. ಬಸ್ಸು ನಂದೀಶ್ವರಯ್ಯ ಎಂಬ ಸಾಹುಕಾರರದು. ಮರದ ಚೌಕಟ್ಟಿಗೆ ತಗಡು ಹೊಡೆದು, ಕೆಳಗೆ ಹಲಗೆ ಹಾಸಿದ ಗಾಡಿ. ಜಲ್ಲಿ ರಸ್ತೆಗೆ ಇಳಿದರೆ ಪಾತ್ರೆ ಅಂಗಡಿಯನ್ನು ಬೆಟ್ಟದ ಮೇಲಿಂದ ಉರುಳಿಸಿದ ಹಾಗಿರುತ್ತಿತ್ತು. ಇಂಜಿನ್ನು ಅವರ ಮೊಣಕಾಲಿನ ಪಕ್ಕದಲ್ಲೇ. ಪ್ರಾಯದಲ್ಲಿ ಅಲ್ಲಿ ಕೂತವರು ತಲೆ ನರೆಯುವವರೆಗೆ ಕೂತರು.

ಮನೆಗೆ ಬಂದರೂ ಕೂಗಿಯೇ ಮಾತಾಡುವರು. ಉಪ್ಪು ಕೇಳಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ದಿನಾ ಜಗಳ ಎಂದು ಪಕ್ಕದವರು ತಿಳಿದಿದ್ದರು. ಜಗಳವೇ ಇರಲಿಲ್ಲ. ಮಕ್ಕಳೂ ಇರಲಿಲ್ಲ. ನಾವಿಬ್ಬರೇ.

ಆ ಬಸ್ಸಿನ ಕಂಡಕ್ಟರು ಗಂಗಹನುಮಯ್ಯ. ಅವನಿಗೆ ಸೀಟಿ ಕೊಟ್ಟಿದ್ದರು. ಆದರೆ ಅವನು ಸೀಟಿ ಊದುವವನಲ್ಲ. ಬಸ್ಸಿನ ಪಕ್ಕದ ತಗಡಿಗೆ ಅಂಗೈಯಿಂದ ಬಡಿಯುವನು. ಒಂದು ಏಟು ಬಿದ್ದರೆ ನಿಲ್ಲಬೇಕು, ಎರಡು ಬಿದ್ದರೆ ಹೊರಡಬೇಕು. ಅದೇ ರೂಢಿಯಾಗಿತ್ತು.

ಒಂದು ದಿನ ಅವನ ಎರಡು ಕೈಯಲ್ಲೂ ಯಾರದೋ ಗಂಟುಮೂಟೆ. ಇನ್ನೂ ಹೊರಡಬೇಡ ಎಂದು ಬಾಯಲ್ಲಿ ಸೀಟಿ ಊದಿದ. ನರಸಮ್ಮ ಇಳಿಯುತ್ತಿದ್ದಳು. ಅವಳು ದೊಡ್ಡೇರಿ ಕಡೆಯ ಮುದುಕಿ, ಮೊಸರು ಮಾರುವವಳು. ಅವಳ ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ. ಬಸ್ಸು ಮುಂದಕ್ಕೆ ಹೋಯಿತು. ಮುದುಕಿ ಬಿದ್ದಳು. ಮೊಣಕಾಲು ತರಚಿತು, ಮೊಸರಿನ ಮಡಕೆ ಚೂರಾಯಿತು.

ಸಾಹುಕಾರರು ನಮ್ಮ ಮನೆಗೇ ಬಂದರು. ಜಗುಲಿಯ ಮೇಲೆ ಕೂತು ಅಂದರು:

“ಮರುಳಸಿದ್ದಯ್ಯ, ನಿಂಗೆ ಕಿವಿ ಕೇಳಾಕಿಲ್ಲ ಅಂತಾರೆ ಜನ.”

“ನನ್ನ ಕಿವಿಗೇನಾಗೈತೆ ಸಾವ್ಕಾರ್ರೇ? ನಿಮ್ಮ ಬಸ್ಸು ಬಡ್ಕೊಳೋ ಸದ್ದಿನಾಗೆ ಯಮ ಬಂದು ಕರೆದ್ರೂ ಕೇಳಾಕಿಲ್ಲ.”

“ಇವತ್ತು ಮಡಕೆ ಒಡೀತು. ನಾಳೆ ಮುದುಕೀರ ತಲೆ ಒಡೀತದೆ. ಯುಗಾದಿ ತನಕ ನೋಡ್ತೀನಿ. ಆಮ್ಯಾಕೆ ಬ್ಯಾರೆ ಡ್ರೈವರು.”

“ಅಷ್ಟರಾಗೆ ಬಸ್ಸಿನ ಸದ್ದು ನಾನು ಅಡಗಿಸ್ತೀನಿ. ಆಗ್ಲೂ ಸೀಟಿ ಕೇಳ್ನಿಲ್ಲ ಅಂದ್ರೆ ಹ್ಯಾಂಡ್ಲು ನಾನೇ ತಂದು ನಿಮ್ಮ ಕೈಗಿಡ್ತೀನಿ.”

ಹ್ಯಾಂಡ್ಲು ಎಂದರೆ ಇಂಜಿನ್ನು ತಿರುವುವ ಕಬ್ಬಿಣ. ಅದು ಯಾರ ಹತ್ತಿರ ಇದೆಯೋ ಅವನು ಡ್ರೈವರು. ನಮ್ಮ ಮನೆಯಲ್ಲಿ ಅದು ದೇವರ ಗೂಡಿನ ಕೆಳಗೆ ಇರುತ್ತಿತ್ತು.

“ಅಡಗಿಸಪ್ಪ, ಬ್ಯಾಡ ಅಂದೋರ್ಯಾರು? ತೂತು ಮಾತ್ರ ಹೊಡೀಬ್ಯಾಡ,” ಎಂದು ಸಾಹುಕಾರರು ಎದ್ದು ಹೋದರು.

ನಮಗೆ ಹೊಲ ಇರಲಿಲ್ಲ. ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆ ಕೆಲಸ ಬೇಕೂ ಆಗಿರಲಿಲ್ಲ.

ಸೋಮವಾರ ಬಸ್ಸಿಗೆ ಬಿಡುವು. ನಮ್ಮ ಹಿತ್ತಲಿನ ಹುಣಸೆ ಮರದ ಕೆಳಗೆ ನಿಲ್ಲಿಸಿದರು. ನನ್ನನ್ನು ಒಳಗೆ ಕೂರಿಸಿ ಹೊರಗಿನಿಂದ ತಗಡಿಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಹೋದರು.

“ಇಲ್ಲಿ ಹೆಂಗೈತೆ?”

“ಡಬ್ಬ ಬಡಿದಂಗೆ.”

“ಇಲ್ಲಿ?”

“ಅದು ಪರವಾಗಿಲ್ಲ. ಮಡಕೆ ತಟ್ಟಿದಂಗೈತೆ.”

ಡಬ್ಬದ ಹಾಗೆ ಕೇಳಿದ ಕಡೆಯೆಲ್ಲ ಸುಣ್ಣದ ಗುರುತು ಹಾಕಿದರು. ತಗಡು ಸಡಿಲವಾಗಿದ್ದಲ್ಲಿ ಹಳೆಯ ಮೆಟ್ಟಿನ ಚರ್ಮ ಕತ್ತರಿಸಿ ಮರಕ್ಕೂ ತಗಡಿಗೂ ನಡುವೆ ಇಟ್ಟು ಬಿಗಿದರು. ಕೊಳಾಲದ ಕಡೆಯಿಂದ ತೆಂಗಿನ ನಾರು ತಂದರು. ನಾನು ಅದನ್ನು ಬಡಿದು ಹಿಂಜಿದೆ. ಕೈ ಉರಿಯಿತು. ಸಂದುಗಳಿಗೆ ನಾರು ತುರುಕಿದೆವು. ಅದರ ಮೇಲೆ ಕಂಬಳಿ.

ನಮ್ಮ ಕಡೆ ಕಂಬಳಿಗೇನು ಕೊರತೆ? ಅಂಚು ಹರಿದದ್ದು, ಹುಳ ಹೊಡೆದದ್ದು, ಮನೆಮನೆಯಲ್ಲೂ ಸಿಕ್ಕಿತು. ಅಂಟಿಸಲು ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿ ಗಂಜಿ ಮಾಡಿದೆ. ಕಂಬಳಿ ನೇಯುವವರು ಬಳಿಯುವುದೂ ಅದೇ ಗಂಜಿ. ನಮ್ಮ ಯಜಮಾನರಿಗೆ ಯಾವುದಾದರೂ ಹಿಡಿಸಿದರೆ ಕೈ ಬಿಗಿ ಇಲ್ಲ. ಕಂಬಳಿಯ ಮೈಗೆಲ್ಲ ಗಂಜಿ ಕುಡಿಸಿ ಅಂಟಿಸಿದರು. ಬಿಸಿಲಿಗೆ ಒಣಗಿತು. ಕುಟ್ಟಿ ಕೇಳಿದರು.

“ಹೆಂಗೈತೆ?”

“ಮೊದಲು ಒಂದು ತಗಡಿತ್ತು. ಈಗ ಎರಡಾಯ್ತು.”

“ಏನಂದೆ?”

“ಎರಡು ತಗಡು ಅಂದೆ! ಗಂಜಿ ಕುಡಿದು ಕಂಬಳೀನೂ ತಗಡಾಗೈತೆ!”

ಕಿತ್ತರು. ಬೈಯಲಿಲ್ಲ. ಕೆರೆಗೆ ಹೊತ್ತು ಒಗೆದದ್ದು ಮಾತ್ರ ನಾನು. ಮತ್ತೆ ಅಂಚಿಗಷ್ಟೇ ಗಂಜಿ ಹಚ್ಚಿ, ನಡುವೆ ಚರ್ಮದ ಬಿಲ್ಲೆ ಇಟ್ಟು ಮರದ ಚೌಕಟ್ಟಿಗೆ ಮೊಳೆ ಹೊಡೆದರು. ಸಿರಾದ ಗಾದಿ ಹೊಲಿಯುವ ಸಾಬರಿಂದ ದಬ್ಬಳ ತಂದು ಕೊಟ್ಟರು. ಇಂಜಿನ್ನಿನ ಕಡೆಯ ಹಲಗೆಗೆ ಎರಡು ಪದರ ಕಂಬಳಿ ಹೊಲಿದವಳು ನಾನು. ನೆಲಕ್ಕೂ ನಾರು ಹಾಕಿ ಮೇಲೆ ಕಂಬಳಿ ಹಾಸಿದೆವು. ಕಂಡರೆ ಮದುವೆ ಮನೆಯ ಹಾಗಿತ್ತು.

ಅಲ್ಲೇ ತಪ್ಪಿದ್ದು.

ಮಾರನೆಯ ದಿನ ಬಸ್ಸು ನಿಲ್ಲಿಸಿ ಬಾಗಿಲು ತೆಗೆದರೆ ನರಸಮ್ಮ ಹತ್ತಲೇ ಇಲ್ಲ. ಹೊಸ ಮಡಕೆ ತಲೆಯ ಮೇಲೆ ಇಟ್ಟುಕೊಂಡು ಬಾಗಿಲಲ್ಲೇ ನಿಂತಳು.

“ಹತ್ತಜ್ಜಿ, ಹೊತ್ತಾಯ್ತು,” ಎಂದ ಗಂಗಹನುಮಯ್ಯ.

“ಹೆಂಗ್ಲಾ ಹತ್ಲಿ? ಕಂಬಳಿ ಹಾಸವ್ರೆ. ನಮ್ಮ ದೇವ್ರು ಕೂರೋದು ಕಂಬಳಿ ಗದ್ದಿಗೆ ಮ್ಯಾಲೆ. ಅದ್ನ ತುಳ್ಕೊಂಡು ಮೊಸ್ರು ಮಾರಕ್ ಹೋಗ್ಲಾ?”

“ಮನೇಲಿ ಅದ್ರ ಮ್ಯಾಲೇ ಮಲಗಲ್ವಾ ನೀನು?”

“ಮಲಗೋದು ಬ್ಯಾರೆ, ತುಳಿಯೋದು ಬ್ಯಾರೆ ಕಣ್ಲಾ. ನಿಮ್ಮವ್ವ ನಿಂಗೆ ಅಷ್ಟೂ ಹೇಳ್ಕೊಡ್ನಿಲ್ವಾ?”

ಅವಳ ಹಿಂದೆ ನಿಂತವರೂ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದರು. ಕೆಲವರು ಕಂಬಳಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಮತ್ತೆ ಕೆಲವರು ಹತ್ತಲಿಲ್ಲ. ಸಿರಾ ಮುಟ್ಟುವಾಗ ಸಂತೆಯೇ ಮುಗಿದಿತ್ತು. ನಾವು ಸದ್ದು ಅಡಗುವುದನ್ನು ಯೋಚಿಸಿದೆವು. ಕಾಲನ್ನು ಯೋಚಿಸಲಿಲ್ಲ. ನೆಲದ ಕಂಬಳಿ ಎತ್ತಿ ಚಾವಣಿಗೆ ಹೊಡೆದರು. ನೆಲಕ್ಕೆ ನಾರಿನ ಮೇಲೆ ಗೋಣಿ ಹಾಸಿದರು.

ನರಸಮ್ಮ ತಲೆ ಎತ್ತಿ ನೋಡಿ, “ಇವಾಗ್ ಸರಿಯಾಯ್ತು ಕಣ್ರಯ್ಯ. ಗದ್ದಿಗೆ ಮ್ಯಾಲೆ, ನಾವು ಕೆಳಗೆ,” ಎಂದಳು. ಹತ್ತಿ ಕೂತಳು.

ಯುಗಾದಿ ಹತ್ತಿರ ಬಂತು. ಬಾಗಿಲ ಪಕ್ಕದ ತಗಡೊಂದು ಬಾಕಿ ಇತ್ತು, ಸೋಮವಾರ ಅದಕ್ಕೂ ಕಂಬಳಿ ಹೊಡೆದರು. ಮಾರನೆಯ ದಿನ ಸಾಹುಕಾರರು ತಾವೇ ಬಸ್ಸಿಗೆ ಬಂದರು. ನನ್ನನ್ನೂ ಕರೆದುಕೊಂಡು ಹೋದರು ಇವರು. ಡ್ರೈವರ ಬೆನ್ನ ಹಿಂದಿನ ಸೀಟಿನಲ್ಲಿ ಕೂತೆ. ಪಕ್ಕದಲ್ಲಿ ಕೆಲವರು ಹೆಂಗಸರು. ಸಾಹುಕಾರರು ಹಿಂದೆ.

ಬಸ್ಸು ಹೊರಟಿತು. ಹೊರಗೆ ಜಲ್ಲಿ ಸಿಡಿಯುತ್ತಿತ್ತು, ಒಳಗೆ ದೂರದಲ್ಲಿ ರಾಗಿ ಬೀಸಿದ ಹಾಗೆ ಒಂದು ಸದ್ದು, ಅಷ್ಟೇ. ಜನಕ್ಕೆ ಮಾತ್ರ ಕೂಗುವ ಅಭ್ಯಾಸ ಹೋಗಿರಲಿಲ್ಲ. ನರಸಮ್ಮ ಪಕ್ಕದವಳ ಕಿವಿಗೆ ಬಾಯಿಟ್ಟು ಗಂಟಲು ಕಿತ್ತುಕೊಂಡಳು:

“ಈ ಸಾವ್ಕಾರ ಎಂಥ ಜುಗ್ಗ ಅಂದ್ರೆ, ಈ ಕಂಬಳೀನೂ ಡ್ರೈವರ್ ಅಯ್ನೋರೇ ಮನೆಮನೆ ತಿರುಗಿ ತಂದವ್ರೆ!”

ಬಸ್ಸಿಗೆಲ್ಲ ಕೇಳಿತು. ಎಲ್ಲರೂ ಹಿಂದೆ ತಿರುಗಿ ನೋಡಿದರು. ಆಮೇಲೆ ಸಾಹುಕಾರರೇ ನಕ್ಕರು. “ಕೇಳ್ತು ಕಣಜ್ಜಿ. ಎಲ್ಲ ಚೆನ್ನಾಗೇ ಕೇಳ್ತು. ಮನೆ ಪಡಸಾಲೇಲಿ ಕೂತಂಗೈತೆ,” ಎಂದರು. “ಮರುಳಸಿದ್ದಯ್ಯ, ಗೆದ್ದೆ ಬುಡು!”

ನನ್ನ ಎದೆ ಹಗುರಾಯಿತು. ಇವರು ತಿರುಗಲಿಲ್ಲ. ರಸ್ತೆ ನೋಡುತ್ತಿದ್ದಾರೆ ಎಂದುಕೊಂಡೆ.

ನರಸಮ್ಮ ಇಳಿಯುವ ಜಾಗ ಬಂತು. ಗಂಗಹನುಮಯ್ಯ ಸೀಟಿ ಊದಿದ. ನನ್ನ ಕಿವಿಯಲ್ಲಿ ಚುಚ್ಚಿದ ಹಾಗಾಯಿತು. ಬಸ್ಸು ನಿಲ್ಲಲಿಲ್ಲ. ಮತ್ತೆ ಊದಿದ. ಆಮೇಲೆ ಹಳೆಯ ರೂಢಿಯಂತೆ ಪಕ್ಕಕ್ಕೆ ಅಂಗೈಯಿಂದ ಬಡಿದ. ತಗಡೆಲ್ಲಿದೆ? ಅಂಗೈ ಕಂಬಳಿಗೆ ಬಿತ್ತು. ಧೂಳು ಎದ್ದಿತು. ಸದ್ದು ಬರಲಿಲ್ಲ.

ಆಗ ನನಗೆ ತಿಳಿಯಿತು. ಇಷ್ಟು ವರ್ಷ ಅವರು ಸೀಟಿ ಕೇಳಿದ್ದೇ ಇಲ್ಲ. ತಗಡಿಗೆ ಬಿದ್ದ ಏಟು ಬೆನ್ನಿಗೆ ಬರುತ್ತಿತ್ತು, ಅಂಗಾಲಿಗೆ ಬರುತ್ತಿತ್ತು. ಅದನ್ನೇ ನಂಬಿ ಬಸ್ಸು ಓಡಿಸಿದರು. ಅದನ್ನು ನಾವಿಬ್ಬರೇ ಸೇರಿ ಕಂಬಳಿ ಹೊದಿಸಿ ಮುಚ್ಚಿದ್ದೆವು.

“ಅಯ್ನೋರೇ!” ಎಂದ ಗಂಗಹನುಮಯ್ಯ. “ಮರುಳಸಿದ್ದಯ್ಯ!” ಎಂದರು ಸಾಹುಕಾರರು. “ಏನ್ರೀ,” ಎಂದೆ ನಾನು. ಬಸ್ಸು ಓಡುತ್ತಲೇ ಇತ್ತು. ಎಲ್ಲರೆದುರು ಕೈ ಚಾಚಿ ಅವರ ಹೆಗಲು ಮುಟ್ಟಿದೆ.

ನಿಲ್ಲಿಸಿದರು. ತಿರುಗಿ ನೋಡಿದರು. ಒಂದೊಂದೇ ಬಾಯಿ ನೋಡಿದರು. ಗಂಗಹನುಮಯ್ಯನ ತುಟಿಯಲ್ಲಿ ಸೀಟಿ ಇತ್ತು. ಅದನ್ನು ನೋಡಿದರು.

“ಊದಿದ್ಯಾ?”

ಅವನು ತಲೆ ಆಡಿಸಿದ. ಅವನ ಕಣ್ಣು ತುಂಬಿತ್ತು. ನರಸಮ್ಮ ಮೆಲ್ಲಗೆ ಇಳಿದಳು. ಇಳಿದ ಮೇಲೆ ಮುಂದೆ ಬಂದು ಅವರಿಗೆ ಕಾಣುವ ಹಾಗೆ ನಿಂತು, “ಹೋಗಪ್ಪ, ಇಳಿದೆ,” ಎಂದು ಕೈ ಬೀಸಿದಳು.

ಸಿರಾವರೆಗೆ ನಿಧಾನ ಓಡಿಸಿದರು. ನನಗೆ ತಮ್ಮ ಬೆನ್ನಿಗೆ ಕೈ ಇಟ್ಟುಕೊಂಡೇ ಕೂರಲು ಹೇಳಿದರು. ಅಲ್ಲಿ ಇಳಿದು ಹ್ಯಾಂಡ್ಲು ತಂದು ಸಾಹುಕಾರರ ಕೈಗೆ ಇಟ್ಟರು.

“ಬಸ್ಸಿಂದೇನೂ ತಪ್ಪಿಲ್ಲ ಸಾವ್ಕಾರ್ರೇ. ನನ್ನ ಕಿವೀದೇ.”

ಸಾಹುಕಾರರು ಹ್ಯಾಂಡ್ಲನ್ನು ನೋಡಿದರು. ಆಮೇಲೆ ಇವರಿಗೆ ಕಾಣುವಂತೆ ಮುಖ ಎತ್ತಿ, “ಪಾವಗಡಕ್ಕೆ ಹೋಗೋದು ಇನ್ನೊಂದೈತಲ್ಲ, ಅದಕ್ಕೂ ಇಂಗೇ ಮಾಡ್ತೀಯಾ?” ಎಂದರು.

ಇವರು ನನ್ನನ್ನು ನೋಡಿದರು. “ಕೇಳೋಳು ಇವಳು. ಇವಳು ಬಂದ್ರೆ ಮಾಡ್ತೀನಿ.”

ಮನೆಗೆ ಬಂದ ದಿನ ಊಟ ಮಾಡಲಿಲ್ಲ. ಗೂಡಿನ ಕೆಳಗೆ ಖಾಲಿ ಜಾಗ ನೋಡುತ್ತಾ ಕೂತರು. ಯುಗಾದಿಗೆ ಬೇವುಬೆಲ್ಲ ಕೊಟ್ಟರೆ ತಿಂದರು. ಸೋಮವಾರ ಪಾವಗಡದ ಬಸ್ಸು ಹುಣಸೆ ಮರದ ಕೆಳಗೆ ಬಂದು ನಿಂತಿತು. ದಬ್ಬಳ ಹುಡುಕಿದರು.

ಆಮೇಲೆ ಅದೇ ಕೆಲಸ. ಕೊರಟಗೆರೆಯವರು ಕರೆದರು, ಪುರವರದಲ್ಲಿ ಒಬ್ಬರು ತಮ್ಮ ಎತ್ತಿನ ಕಮಾನು ಗಾಡಿಗೂ ಮಾಡಿಸಿಕೊಂಡರು. ನಾನು ಒಳಗೆ ಕೂರುವುದು, ಅವರು ತಗಡಿಗೆ ಅಂಗೈ ಇಟ್ಟು ನನ್ನ ಮುಖ ನೋಡುವುದು. ಸದ್ದು ಇದ್ದ ಕಡೆಗೆ ನಾನು ಬೆರಳು ತೋರಿಸುವೆ. ಅವರು ಅಲ್ಲಿ ನಾರು ತುರುಕುವರು. ಸಾಕು ಎಂದರೆ ಕೈ ಮಡಿಸುವೆ. ಬಾಯಿ ಬೇಕಾಗಲಿಲ್ಲ. ಪಾವಗಡದ ಕಡೆಯವರು ತೆಲುಗಿನಲ್ಲಿ ಹೊಗಳಿದರೆ ನನಗೆ ಅರ್ಥವಾಗುತ್ತಿರಲಿಲ್ಲ, ಇವರಿಗೆ ಕೇಳುತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದೆವು. ಯುದ್ಧ ಬಂದು, ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿದಾಗಲೂ ಕಂಬಳಿ ಕೀಳಿಸಲಿಲ್ಲ ಸಾಹುಕಾರರು.

ಕೊನೆಕೊನೆಗೆ ಅವರಿಗೆ ಏನೂ ಕೇಳುತ್ತಿರಲಿಲ್ಲ. ಆದರೆ ಮನೆಯಲ್ಲಿ ಕೂಗುವುದು ನಿಂತಿತ್ತು. ನಾನು ಮುಖ ನೋಡಿ ಮಾತಾಡಿದರೆ ಅವರು ಮೆಲ್ಲಗೆ ಮಾತಾಡುವರು. ಜಗಳ ನಿಂತಿತು ಎಂದರು ಪಕ್ಕದವರು.

ಹೋದ ತಿಂಗಳು ಗಂಗಹನುಮಯ್ಯ ಬಂದ. ಸಾಹುಕಾರರು ಬಸ್ಸಿಗೆ ಹೊಸ ತಗಡು ಹೊಡೆಸಿದ್ದಾರೆ. ಕಂಬಳಿ, ನಾರು ಎಲ್ಲ ಅವನೇ ಕೂರಿಸಿದ್ದಾನಂತೆ.

“ನೀವು ಒಂದ್ ದಪ ಬಂದು ಕೇಳಿ ಯೋಳ್ಬೇಕು ಕಣಮ್ಮ,” ಎಂದ.

ಹೋದೆ. ಅದೇ ಸೀಟಿನಲ್ಲಿ ಕೂತೆ. ಬಸ್ಸು ಊರು ದಾಟಿತು. ಹಿಂದಿನ ಕಿಟಕಿಯ ಕಡೆ ಒಂದು ಕಿಟಿಕಿಟಿ. ನನ್ನ ಬೆರಳು ತಾನಾಗಿ ಎದ್ದಿತು. ನೋಡುವವರು ಯಾರೂ ಇರಲಿಲ್ಲ. ಬೆರಳು ಇಳಿಸಿದೆ.

“ಹಿಂದಿನ ಕಿಟಕಿ, ಕೆಳಗಡೆ ಮೂಲೆ,” ಎಂದು ಬಾಯಿ ಬಿಟ್ಟು ಹೇಳಿದೆ.

ಗಂಗಹನುಮಯ್ಯ ಸೀಟಿ ಊದಿ ಬಸ್ಸು ನಿಲ್ಲಿಸಿ, ಬಗ್ಗಿ ನಾರು ತುರುಕಿದ. ಮತ್ತೆ ಹೊರಟೆವು. ಆ ಸದ್ದು ಬರಲಿಲ್ಲ. ಸಿರಾವರೆಗೂ ಬರಲಿಲ್ಲ.