ಹಾತಿಚೋಕ, ಬೆಳ್ಳುಳ್ಳಿ, ಅಪ್ಪನ ಕಾಲ್ಬೆರಳು

ಡಿಸೆಂಬರ್ ಎರಡು, ಗುರುವಾರ. ಡಾಕ್ಟರು ಅಪ್ಪನ ಎಡಗಾಲಿನ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರು. ಬೂಟು ಕಚ್ಚಿ ಆದ ಗಾಯ. ದೀಪಾವಳಿಗೆ ಮುಂಚೆ ಆದದ್ದು ಇನ್ನೂ ಮಾಯ್ದಿರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೆಂದು ನಮಗೆ ತಿಳಿದದ್ದೇ ಆ ಗಾಯದಿಂದ. ಸಕ್ಕರೆ ಇಳಿಯದಿದ್ದರೆ ಗಾಯ ಮಾಯುವುದಿಲ್ಲ, ಗಾಯ ಮಾಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಸಕ್ಕರೆ ಇಳಿಸಲು ಹೊಸದಾಗಿ ಸೂಜಿಮದ್ದು ಬಂದಿದೆ, ದಿನಕ್ಕೆ ಎರಡು ಸಲ ಚುಚ್ಚಿಸಿಕೊಳ್ಳಬೇಕು ಎಂದರು. ಅಷ್ಟು ಕೇಳಿದ್ದೇ ತಡ, ಅಪ್ಪ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಹಾಗಾದರೆ ಮೊದಲು ಊಟದಲ್ಲಿ ನೋಡೋಣ ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ಬರೆದುಕೊಳ್ಳುತ್ತಿದ್ದವಳು ನಾನೊಬ್ಬಳೇ.

ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕುಳಿತ ಎರಡು ವರ್ಷದಿಂದ ದಿನಚರಿ ಬರೆಯುತ್ತೇನೆ. ನಲ್ಲಿಗೆ ನೀರು ಬಂದ ಹೊತ್ತು, ಬಡಿದ ರೊಟ್ಟಿಗಳ ಎಣಿಕೆ, ಅವ್ವನಿಗೆ ತಲೆನೋವು ಬಂದ ದಿನಗಳು. ಅವ್ವ ನನ್ನ ಪುಸ್ತಕಕ್ಕೆ ಚಿತ್ರಗುಪ್ತನ ದಫ್ತರ ಎಂದು ಹೆಸರಿಟ್ಟಿದ್ದಾಳೆ. ಆ ದಿನದಿಂದ ಅದರಲ್ಲಿ ಅಪ್ಪನ ಪುಟ ಶುರುವಾಯಿತು.

ಡಾಕ್ಟರು ಹೇಳಿದ ಪಥ್ಯ ಸಣ್ಣದು. ಒಪ್ಪತ್ತಿಗೆ ಒಂದೇ ಜೋಳದ ರೊಟ್ಟಿ, ಸೊಪ್ಪು, ಮಜ್ಜಿಗೆ. ಅನ್ನ ಬೇಡ, ಬೆಲ್ಲ ಬೇಡ, ಬಟಾಟೆ ಬೇಡವೇ ಬೇಡ. ಅನ್ನ ಬೆಲ್ಲಗಳಿಗೆ ತಲೆಯಾಡಿಸಿದ ಅಪ್ಪ ಬಟಾಟೆ ಎಂದಾಗ ಕಿಟಕಿಯಾಚೆ ನೋಡಿದರು. ಧಾರವಾಡ ಬಿಟ್ಟು ಪುಣೆಯ ಪಕ್ಕದ ಖಡಕಿಯ ಕಚೇರಿಗೆ ಗುಮಾಸ್ತರಾಗಿ ಬಂದ ದಿನದಿಂದ ಅವರ ಮಧ್ಯಾಹ್ನದ ಡಬ್ಬಿಯಲ್ಲಿ ರೊಟ್ಟಿಯ ಜೊತೆಗೆ ಬೆಳ್ಳುಳ್ಳಿ ಹಾಕಿದ ಬಟಾಟೆ ಪಲ್ಯ ಇಲ್ಲದ ದಿನವಿಲ್ಲ. ಅಪ್ಪನ ಮುಖ ನೋಡಿಯೇ ಡಾಕ್ಟರಿಗೂ ಅದು ಗೊತ್ತಾಗಿರಬೇಕು. ಇಂಥ ರೋಗಿಗಳಿಗೆ ಸಾಹೇಬರ ಡಾಕ್ಟರುಗಳು ಬಟಾಟೆಯ ಬದಲು ಆರ್ಟಿಚೋಕ್ ಎಂಬ ಗೆಡ್ಡೆ ಕೊಡುತ್ತಾರೆ, ಕ್ಯಾಂಪಿನ ಮಂಡಿಯಲ್ಲಿ ಚಳಿಗಾಲದಲ್ಲಿ ಸಿಗುತ್ತದೆ, ನೋಡು ಎಂದರು.

ಶನಿವಾರ ಅವ್ವ, ನಾನು ಹೋದೆವು. ನಾಲ್ಕು ಅಂಗಡಿಗಳಲ್ಲಿ ಕೇಳಿದ ಮೇಲೆ ಐದನೆಯ ಮುದುಕಿ ಚೀಲದ ತಳದಿಂದ ಗೆಡ್ಡೆ ತೆಗೆದು ಹಾತಿಚೋಕ ಎಂದಳು. ಹಸಿಶುಂಠಿಯ ಹಾಗೆ ಗಂಟುಗಂಟು, ಮೇಲೆ ತೆಳು ಸಿಪ್ಪೆ, ಮುರಿದರೆ ಒಳಗೆ ಬೆಳ್ಳಗೆ. ಅದೇ ಹೆಸರಿನ ಮೊಗ್ಗಿನಂಥ ತರಕಾರಿಯೂ ಇದೆಯಂತೆ. ನಮಗೆ ಬೇಕಾದದ್ದು ಈ ಗೆಡ್ಡೆ. ಅವ್ವ ಮೂಸಿ ನೋಡಿ, “ಮಣ್ಣಿನ ವಾಸನಿ ಬಿಟ್ಟರ ಏನೂ ಇಲ್ಲ ಇದರಾಗ” ಎಂದಳು.

ಭಾನುವಾರ ಮಾಡಿ ನೋಡಿದೆ. ಗಂಟುಗಳ ಸಂದಿಯ ಮಣ್ಣನ್ನು ನಾರಿನಿಂದ ತಿಕ್ಕಿ ತೊಳೆದು, ಹೆಚ್ಚಿದ ಹೋಳುಗಳನ್ನು ನೀರುಮಜ್ಜಿಗೆಯಲ್ಲಿ ಹಾಕಬೇಕು, ಇಲ್ಲದಿದ್ದರೆ ಕಪ್ಪಾಗುತ್ತವೆ. ಬಟಾಟೆ ನಿಧಾನ ಬೇಯುತ್ತದೆ. ಹಾತಿಚೋಕ ಇನ್ನೂ ಗಟ್ಟಿ, ಇನ್ನೂ ಗಟ್ಟಿ ಎನ್ನುತ್ತಿರುವಾಗಲೇ ಒಮ್ಮೆಲೇ ಮುದ್ದೆಯಾಗಿಬಿಡುತ್ತದೆ. ಹಾಗಾಗಿ ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ, ಜಜ್ಜಿದ ಸಾಸವಡದ ಬೆಳ್ಳುಳ್ಳಿ ಹತ್ತು ಎಸಳು. ಮೊದಲು ಬಟಾಟೆ, ಅರ್ಧ ಬೆಂದ ಮೇಲೆ ಹಾತಿಚೋಕ. ಒಮ್ಮೆಲೇ ಬಟಾಟೆ ಬಿಡಿಸಿದರೆ ಅಪ್ಪ ಡಬ್ಬಿಯನ್ನೇ ಬಿಡುತ್ತಾರೆ ಎಂದು ಎರಡನ್ನೂ ಸಮಸಮ ಹಾಕಿದೆ. ದಿನ ಕಳೆದಂತೆ ಬಟಾಟೆ ಕಡಿಮೆ ಮಾಡುವುದು ನನ್ನ ಲೆಕ್ಕಾಚಾರ.

ಡಾಕ್ಟರು ಗಾಜಿನ ನಳಿಗೆ, ಸ್ಪಿರಿಟ್ ದೀಪ, ನೀಲಿ ದ್ರಾವಣದ ಬಾಟಲಿ ಕೊಟ್ಟಿದ್ದರು. ಬೆಳಿಗ್ಗೆ ನೀಲಿ ದ್ರಾವಣಕ್ಕೆ ಅಪ್ಪನ ಮೂತ್ರದ ಎಂಟು ಹನಿ ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಹಾಗೆ ಏರುತ್ತ ಹೋಗುತ್ತದೆ. ಮೊದಲ ದಿನ ಇಟ್ಟಿಗೆಯೇ. ಡಿಸೆಂಬರ್ ಆರರಿಂದ ಡಬ್ಬಿಯಲ್ಲಿ ಹಾತಿಚೋಕ ಹೋಗತೊಡಗಿತು. ಸಂಜೆ ಅಪ್ಪ ಬಂದ ಕೂಡಲೇ ನಾನು ಡಬ್ಬಿ ತೆಗೆದು ನೋಡುವೆ. ಖಾಲಿ. ಪುಸ್ತಕದಲ್ಲಿ ‘ಪೂರ್ತಿ ತಿಂದರು’ ಎಂದು ಬರೆಯುವೆ. ಹದಿನೈದನೆಯ ತಾರೀಖಿಗೆ ನಳಿಗೆಯಲ್ಲಿ ಹಸಿರು ಕಂಡಿತು. ದೀಪ ಆರಿಸುವುದನ್ನೂ ಮರೆತು ನಳಿಗೆಯನ್ನು ಅವ್ವನಿಗೆ ತೋರಿಸಲು ಓಡಿದೆ.

ಮಾರನೆಯ ದಿನ ಉತ್ಸಾಹದಲ್ಲಿ ಬಟಾಟೆ ಕಾಲುಪಾಲಿಗೆ ಇಳಿಸಿ ಹಾತಿಚೋಕ ಮುಕ್ಕಾಲು ಹಾಕಿದೆ.

ಆಮೇಲೆ ಏನಾಯಿತೋ ತಿಳಿಯಲಿಲ್ಲ. ಇಪ್ಪತ್ತಕ್ಕೆ ಹಳದಿ. ಇಪ್ಪತ್ತೆಂಟಕ್ಕೆ ಕಿತ್ತಳೆ. ಡಬ್ಬಿ ಮಾತ್ರ ದಿನವೂ ತೊಳೆದಿಟ್ಟಂತೆ ಖಾಲಿ. ನಾನು ಹನಿ ಎಣಿಸುವುದರಲ್ಲಿ ತಪ್ಪಿದೆನೇನೋ ಎಂದು ಎರಡೆರಡು ಸಲ ಕಾಯಿಸಿದೆ. ಅವ್ವ ಮಜ್ಜಿಗೆಗೆ ಸಕ್ಕರೆ ಹಾಕುತ್ತಾಳೇನೋ ಎಂದು ಅವಳ ಬೆನ್ನ ಹಿಂದೆ ನಿಂತು ನೋಡಿದೆ. ಡಬ್ಬಿಯ ಬಟಾಟೆಯನ್ನು ನಾಲ್ಕೇ ಹೋಳುಗಳಿಗೆ ಇಳಿಸಿದೆ. ಭಾನುವಾರ ಮನೆಯಲ್ಲಿ ಅದೇ ಪಲ್ಯ ಬಡಿಸಲು ಹೋದರೆ ಅಪ್ಪ, “ವಾರೆಲ್ಲಾ ಅದನ್ನ ತಿಂತೀನಲ್ಲವ್ವಾ, ಇವತ್ತೊಂದಿನ ಬಿಡು” ಎನ್ನುವರು. ಬಿಡುತ್ತಿದ್ದೆ. ಅವರು ಮಲಗಿದಾಗ ಕಾಲಿನ ಬಟ್ಟೆಯತ್ತ ನೋಡುವುದು, ಒಳಗೆ ಹೋಗಿ ಪುಸ್ತಕ ತಿರುವುವುದು, ಮತ್ತೆ ಬಂದು ನೋಡುವುದು. “ಒಂದ ಕಡೆ ಕುಂಡ್ರು, ನನಗ ತಲಿ ತಿರಗತದ” ಎಂದು ಅವ್ವ ಬೈದಳು.

ಜನವರಿ ಆರು, ಗುರುವಾರ. ಡಾಕ್ಟರು ನನ್ನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಪಥ್ಯ ಇಷ್ಟು ಚೆನ್ನಾಗಿ ನಡೆದೂ ಸಕ್ಕರೆ ಏರಿದೆಯೆಂದರೆ ಊಟದಿಂದ ಆಗುವುದಿಲ್ಲ ಎಂದಾಯಿತು, ಗಾಯದಲ್ಲಿ ಕೀವು ಕಾಣಿಸಿದೆ, ಇನ್ನು ಕಾಯುವುದು ಬೇಡ, ಸೋಮವಾರ ಬನ್ನಿ, ಬೆರಳು ತೆಗೆಯುವ ದಿನ ಗೊತ್ತುಮಾಡೋಣ ಎಂದರು. ನನ್ನ ಬರವಣಿಗೆಯನ್ನು ಹೊಗಳಿದರು ಕೂಡ.

ಭಾನುವಾರ ಮಧ್ಯಾಹ್ನ ಅಪ್ಪ ಒಳಗೆ ಮಲಗಿದ್ದರು. ಕಚೇರಿಯಲ್ಲಿ ಅವರ ಪಕ್ಕದ ಮೇಜಿನವರು, ಬೆಳಗಾವಿ ಕಡೆಯವರು, ನಾನು ಕಾಕಾ ಎಂದು ಕರೆಯುವವರು, ಕಾಲು ಹೇಗಿದೆ ಎಂದು ಕೇಳಲು ಬಂದರು. ನೀರು ಕೊಟ್ಟೆ.

“ಯವ್ವಾ, ನಾಳಿ ಡಬ್ಬಿಗೆ ಒಂದೀಟ ಹೆಚ್ಚ ಹಾಕು” ಎಂದರು ಕಾಕಾ. “ಬೆಳ್ಳೊಳ್ಳಿ ಹಾಕಿ ಮಾಡ್ತಿಯಲ್ಲ, ಅದೇನೋ ಗೆಡ್ಡಿ ಪಲ್ಯ. ಹೊಟ್ಟಿ ಗುಡುಗತದ ಖರೆ, ಆದ್ರ ನಾಲಿಗಿ ಬಿಡವಲ್ದು.”

ನಗು ಬಂತು. “ನಮ್ಮಪ್ಪಗೂ ಒಂದಿಷ್ಟು ಉಳಸ್ರಿ ಕಾಕಾ” ಎಂದೆ.

“ನಿಮ್ಮಪ್ಪ ಎಲ್ಲಿ ಮುಟ್ಟತಾರ? ನಿನ್ನ ಡಬ್ಬಿ ನನಗ, ನನ್ನ ಡಬ್ಬಿ ಅವರಿಗೆ. ಮೂರು ವಾರ ಆತು. ದಿನಾ ಪೂರಿ, ಬಟಾಟಿ ಭಾಜಿ. ಸಂಜಿಮುಂದ ನಮ್ಮಾಕಿ ಕೇಳ್ತಾಳ, ಪೂರಿ ಹ್ಯಾಂಗಾಗಿದ್ವು ಅಂತ. ನಾ ತಿಂದಿದ್ರ ಹೇಳ್ಲಿ! ಭಾಳ ಛಲೋ ಆಗಿದ್ವು ಅಂದುಬಿಡ್ತೀನಿ.”

ಕಚೇರಿಯಲ್ಲಿ ನಮ್ಮ ಕಡೆಯ ನಾಲ್ಕೈದು ಜನ ಒಟ್ಟಿಗೆ ಕುಳಿತು ಡಬ್ಬಿ ಬಿಚ್ಚುತ್ತಾರೆ, ಒಬ್ಬರದನ್ನು ಒಬ್ಬರು ತಿನ್ನುತ್ತಾರೆ ಎಂಬುದು ನನಗೆ ಮೊದಲಿನಿಂದ ಗೊತ್ತಿತ್ತು. ಚಿಕ್ಕಂದಿನಿಂದ ಆ ಕಥೆಗಳನ್ನು ಕೇಳಿಯೇ ಬೆಳೆದವಳು. ಆದರೂ ಖಾಲಿ ಡಬ್ಬಿ ನೋಡಿ ಅಪ್ಪನೇ ತಿಂದರು ಎಂದು ಇಪ್ಪತ್ತೆಂಟು ಸಲ ಬರೆದಿದ್ದೆ.

“ಕಾಕಾ, ಅಪ್ಪಗ ಸಕ್ಕರಿ ಬ್ಯಾನಿ ಅದ” ಎಂದೆ. “ಕಾಲಬೆರಳು ತಗೀಬೇಕಂತ. ನಾಳಿ ದಿನಾ ಗೊತ್ತ ಮಾಡ್ತಾರ.”

ಕಾಕಾ ಲೋಟ ಕೆಳಗಿಟ್ಟರು. “ನಮಗ ಬೂಟ್ ಕಚ್ಚೇದ ಅಂತಷ್ಟ ಹೇಳಿದ್ರು” ಎಂದವರು ಟೋಪಿ ಸರಿಮಾಡಿಕೊಂಡು ಹೊರಟುಹೋದರು.

ತಿರುಗಿದರೆ ಅಪ್ಪ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವ್ವ ಅಡುಗೆಮನೆಯಿಂದ ಬಂದಳು.

“ಯಾಕಪಾ?” ಎಂದೆ.

ಅವ್ವ ಕೇಳಿದಳು, “ರುಚಿ ಸೇರಲಿಲ್ಲೇನ್ರಿ?”

“ರುಚಿಗೇನಾಗೇತಿ.” ಅಪ್ಪ ನನ್ನತ್ತ ನೋಡದೆ ಅವ್ವನಿಗೆ ಹೇಳಿದರು. “ಹತ್ತು ದಿನ ನಾನ ತಿಂದೆ. ಹತ್ತನೇ ದಿನ ಮಧ್ಯಾಹ್ನ ಸಾಹೇಬನ ಮುಂದ ಕಾಗದ ಹಿಡಕೊಂಡು ನಿಂತಿದ್ದೆ. ಹೊಟ್ಟಿಯೊಳಗ ಬ್ಯಾಂಡ್ ಸುರು ಆತು. ಸಾಹೇಬ ತಲಿ ಎತ್ತಿ ಕಿಟಕಿ ಕಡೆ ನೋಡಿದ, ಮಳಿ ಬಂತೇನೋ ಅಂತ.”

“ಬರೇ ಹೊಟ್ಟಿಯೊಳಗೇನ್ರಿ?” ಎಂದಳು ಅವ್ವ.

“ಹೊರಗೂ ಬಂತು” ಎಂದರು ಅಪ್ಪ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಲ್ಲೇ ಅಲುಗಾಡಿದಳು. ನನಗೆ ನಗು ಬರಲಿಲ್ಲ. ಹತ್ತನೇ ದಿನ ಎಂದರೆ ಡಿಸೆಂಬರ್ ಹದಿನಾರು. ನಾನು ಮುಕ್ಕಾಲು ಪಾಲು ಹಾತಿಚೋಕ ಹಾಕಿದ ದಿನ. ಬಣ್ಣ ಇಳಿಯಲೆಂದು ನಾನು ಹೆಚ್ಚಿಸಿದ್ದೇ ಅವರ ಹೊಟ್ಟೆಯನ್ನು ಕೆಡಿಸಿತ್ತು.

“ಹೇಳಬೇಕಿತ್ತಲ್ಲಪಾ.”

“ಮಗಳ ಮುಂದ ಇದನ್ನ ಹ್ಯಾಂಗ ಹೇಳ್ಲಿ? ನೀ ದಿನಾ ಡಬ್ಬಿ ತಗದು ನೋಡಾಕಿ. ಖಾಲಿ ಕಂಡ ಕೂಡ್ಲೆ ನಿನ್ನ ಮಾರಿ ಅರಳತಿತ್ತು. ಅದನ್ನರ ಯಾಕ ಕೆಡಸಲಿ ಅಂದೆ.”

“ಬೆರಳ ಹೋಗತದಪಾ” ಎಂದೆ, ಜೋರಾಗಿಯೇ. ಅವ್ವನ ನಗು ನಿಂತಿತು.

ಆ ಸಂಜೆ ಪುಸ್ತಕ ತೆಗೆದು ಕೆಂಪು ಮಸಿಯಿಂದ ಹದಿನೆಂಟು ಸಾಲು ಹೊಡೆದುಹಾಕಿದೆ. ಹಾತಿಚೋಕ ತಿಂದ ಹತ್ತು ದಿನ ಹಸಿರಿಗೆ ಬಂದಿತ್ತು, ಬಿಟ್ಟ ಮೇಲೆ ಕಿತ್ತಳೆಗೆ ಹೋಗಿತ್ತು. ಪಥ್ಯ ಸೋತಿರಲಿಲ್ಲ. ಆದರೆ ಅದನ್ನು ಡಾಕ್ಟರಿಗೆ ಹೇಳಬೇಕಾದರೆ ಕಾರಣವನ್ನೂ ಹೇಳಬೇಕು. ಸೋಮವಾರ ಟಾಂಗಾದಲ್ಲಿ ಅಪ್ಪ ಎರಡು ಸಲ ಕೇಳಿದರು: “ಜ್ವರ ಬಂದಿತ್ತು, ಪಲ್ಯ ಬಿಟ್ಟಿದ್ದೆ ಅಂತ ಬರದರ ನಡೆಯಂಗಿಲ್ಲೇನು?” ನಾನು ಇಲ್ಲ ಎಂದೆ. ಎರಡನೆಯ ಸಲ ಅಪ್ಪನ ದನಿ ಕೇಳಿ ಹೌದು ಎಂದುಬಿಡುತ್ತೇನೇನೋ ಎನಿಸಿ ಕುದುರೆಯ ಕಿವಿಗಳನ್ನೇ ನೋಡುತ್ತ ಕುಳಿತೆ.

ಡಾಕ್ಟರು ಕೆಂಪು ಗೆರೆಗಳನ್ನು ನೋಡಿ ಇದೇನು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಗಂಟಲು ಸರಿಮಾಡಿಕೊಂಡು, ಕಚೇರಿಯ ವರದಿ ಒಪ್ಪಿಸುವಂಥ ಮರಾಠಿಯಲ್ಲಿ, ಸಾಹೇಬ ಕಿಟಕಿ ನೋಡಿದ್ದರವರೆಗೆ ಎಲ್ಲವನ್ನೂ ಹೇಳಿದರು. ಡಾಕ್ಟರು ನಗಲಿಲ್ಲ. ಆ ಗೆಡ್ಡೆಗೆ ಆ ಗುಣ ಇದೆ, ನಾನೇ ಮೊದಲು ಹೇಳಬೇಕಿತ್ತು ಎಂದರು. ಗಾಯವನ್ನು ತೊಳೆದು, ಸುತ್ತಲೂ ಒತ್ತಿ ನೋಡಿ, ಕಾಲು ಕಪ್ಪಾಗಿಲ್ಲ, ಹದಿನೈದು ದಿನ ಕೊಡುತ್ತೇನೆ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ, ನಡುವೆ ಜ್ವರ ಬಂದರೆ ಆ ಕ್ಷಣವೇ ಬರಬೇಕು ಎಂದರು.

ಆ ಹದಿನೈದು ದಿನ ನಾನು ಸರಿಯಾಗಿ ಕುಳಿತು ಉಂಡದ್ದು ನೆನಪಿಲ್ಲ. ಪಲ್ಯ ಡಬ್ಬಿಯಿಂದ ಸಂಜೆಯ ಊಟಕ್ಕೆ ಬಂತು. ಡಬ್ಬಿಗೆ ರೊಟ್ಟಿ, ಮೆಂತ್ಯಸೊಪ್ಪು ಮಾತ್ರ. ಕಾಕಾ ತಮ್ಮ ಪೂರಿಯನ್ನು ಅಪ್ಪನಿಗೆ ತೋರಿಸುವುದನ್ನೂ ಬಿಟ್ಟರಂತೆ. ಅಡುಗೆಯನ್ನು ಅವ್ವ ಬದಲಿಸಿದಳು. ಹಾತಿಚೋಕದ ಹೋಳುಗಳನ್ನು ನಿಂಬೆರಸ ಹಿಂಡಿದ ನೀರಿನಲ್ಲಿ ಒಂದು ಕುದಿ ಕುದಿಸಿ ಆ ನೀರನ್ನು ಚೆಲ್ಲಿಸಿದಳು. ಒಗ್ಗರಣೆಗೆ ಇಂಗು, ಅಜವಾನ ಸೇರಿಸಿದಳು. ಬೆಳ್ಳುಳ್ಳಿಯನ್ನು ಜಜ್ಜುವ ಬದಲು ಇಡೀ ಗಡ್ಡೆಯನ್ನು ಶೇಗಡಿ ಒಲೆಯ ಕೆಂಡದಲ್ಲಿ ಹುಗಿದು ಸುಟ್ಟು, ಬೆಣ್ಣೆಯಂತಾದ ಎಸಳುಗಳನ್ನು ಹಿಸುಕಿ ಪಲ್ಯಕ್ಕೆ ಕಲಸಿದಳು. ಮೊದಲ ಸಂಜೆ ಎರಡೇ ಹೋಳು ಹಾತಿಚೋಕ, ಮೂರು ದಿನಕ್ಕೊಂದು ಹೋಳು ಹೆಚ್ಚು. ಬಟಾಟೆ ಒಂದೇ ಒಂದು ಹೋಳು, ಅದೂ ಅಪ್ಪನ ಮುಖ ನೋಡಲಾರದೆ.

ಇನ್ನೊಂದು ನಿಯಮವನ್ನು ನಾನು ಹಾಕಿದೆ. ತಿಂದದ್ದನ್ನು ತಿಂದವರೇ ಬರೆಯಬೇಕು. ಊಟವಾದ ಕೂಡಲೇ ಪುಸ್ತಕ, ಲೇಖನಿ ಅಪ್ಪನ ಮುಂದೆ. ಅವರು ದುಂಡಗಿನ ಕಚೇರಿ ಅಕ್ಷರದಲ್ಲಿ ಬರೆದು ಸಹಿ ಹಾಕುವರು. ಒಂದು ದಿನ ‘ಅರ್ಧ ಬಿಟ್ಟೆ, ಹೊಟ್ಟೆ ಉಬ್ಬರ’ ಎಂದಿತ್ತು. ಇನ್ನೊಂದು ದಿನ ‘ಸಂಕ್ರಾಂತಿ. ಎಳ್ಳುಬೆಲ್ಲ ಒಂದು ಚಿಟಿಕೆ. ಯಾರೂ ನೋಡಲಿಲ್ಲ’ ಎಂದಿತ್ತು. ಅವ್ವ ಆ ಪುಟ ಓದಿ ಎಳ್ಳುಬೆಲ್ಲದ ಡಬ್ಬವನ್ನು ಪಕ್ಕದ ಮನೆಗೆ ದಾಟಿಸಿದಳು.

ಕಿತ್ತಳೆ ಹಳದಿಗೆ ಇಳಿಯಲು ಐದು ದಿನ ಬೇಕಾಯಿತು. ಆಮೇಲೆ ನಾಲ್ಕು ದಿನ ಹಳದಿಯಲ್ಲೇ ನಿಂತಿತು. ನಳಿಗೆಯನ್ನು ಬೆಳಕಿಗೆ ಹಿಡಿದು ಅದರಲ್ಲಿ ಹಸಿರಿದೆ ಎಂದು ಅವ್ವನಿಂದ ಹೇಳಿಸಲು ನೋಡಿದೆ. “ಹಳದಿ ಐತಿ, ಹಳದಿ ಅಂತ ಬರಿ” ಎಂದಳು. ಹತ್ತನೆಯ ದಿನ ಹಸಿರು. ಹನ್ನೊಂದು, ಹನ್ನೆರಡು ಮತ್ತೆ ಹಳದಿ. ಹದಿಮೂರು, ಹದಿನಾಲ್ಕು, ಹದಿನೈದು ಹಸಿರು. ನೀಲಿ ಒಂದು ದಿನವೂ ಕಾಣಲಿಲ್ಲ.

ಜನವರಿ ಇಪ್ಪತ್ತೈದು, ಮಂಗಳವಾರ. ಡಾಕ್ಟರು ಪುಸ್ತಕವನ್ನು ಪಕ್ಕಕ್ಕಿಟ್ಟು ಮೊದಲು ಕಾಲು ನೋಡಿದರು. ಕೀವು ನಿಂತಿತ್ತು. ಗಾಯದ ಅಂಚಿನಲ್ಲಿ ಹೊಸ ಚರ್ಮ ಅಕ್ಕಿಯ ಕಾಳಿನಷ್ಟು ಒಳಗೆ ಬಂದಿತ್ತು. ಅದನ್ನು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ನಾನು ಅವರ ಚಾವಣಿಯ ಹಂಚುಗಳನ್ನು ಎಣಿಸಿ ಮುಗಿಸಿ ಮತ್ತೆ ಮೊದಲಿನಿಂದ ಎಣಿಸಿದೆ. ಕೊನೆಗೆ, ಈಗ ಕತ್ತರಿಸುವುದು ಬೇಡ, ಹೀಗೇ ನಡೆಸಿ, ಆದರೆ ಬೂಟು ಮುಟ್ಟಬೇಡಿ ಎಂದರು. ಮಂಡಿಯ ಮುದುಕಿ ಹಾತಿಚೋಕ ಇನ್ನು ಮೂರು ವಾರ ಮಾತ್ರ ಎಂದು ಹೇಳಿದ್ದಳು. ಆಮೇಲೆ ಏನು ಎಂದು ಕೇಳಿದೆ. ಆಗ ಸೂಜಿಯ ಮಾತಾಡೋಣ ಎಂದರು. ಈ ಸಲ ಅಪ್ಪ ಕುರ್ಚಿಯಿಂದ ಏಳಲಿಲ್ಲ.

ಆ ಸಂಜೆ ಅವ್ವ ಬಡಿಸಿದಳು. ಊಟ ಮುಗಿಸಿ ಅಪ್ಪ ಪುಸ್ತಕ ಎಳೆದುಕೊಂಡು ತಾರೀಖು ಹಾಕಿ ಬರೆದರು: ‘ಹಾತಿಚೋಕ ಆರು ಹೋಳು. ಬಟಾಟೆ ಒಂದು. ಇನ್ನೊಂದು ಬೇಕಾಗಿತ್ತು, ಕೇಳಲಿಲ್ಲ.’