ದೀಪ ಬಂತು, ದೋಣಿ ಬರಲಿಲ್ಲ

ಬೆಳಕು ಹರಿಯುವ ಹೊತ್ತು. ಹೋಮಾ ಬೇ ಪಟ್ಟಣದಾಚೆಯ ಸರೋವರದ ದಂಡೆಯಲ್ಲಿ ಅಪೊಂಡಿ ಹಳೆಯ ಬಲೆ ಹಾಸಿ, ಕಿರುಬೆರಳಿಗಿಂತ ಸಣ್ಣ ಒಮೆನಾ ಮೀನನ್ನು ಒಣಗಲು ಹರಡುತ್ತಿದ್ದಾಳೆ. ಒಂದು ಕೈ ಮೀನಿನಲ್ಲಿ, ಇನ್ನೊಂದು ಫೋನಿನಲ್ಲಿ. "ಒಡೆರಾ, ಎದ್ದಿದೀಯೇನಪ್ಪಾ? ಬೋರ್‌ವೆಲ್ ಪಂಪು ಮತ್ತೆ ಕೆಟ್ಟಿದೆ. ಫೋಟೊ ಕಳಿಸಿದೀನಿ. ನೀರಿನ ಆಫೀಸಿನವ್ರು ಏನಂತಾರೆ, ನೀನೇ ಕೇಳು. ನಾನು ಹೋದ್ರೆ ಮೀನಿನ ವಾಸನೆ ಅಂತ ಬಾಗಿಲು ಹಾಕ್ತಾರೆ."

ಒಡೆರಾ ಪಟ್ಟಣದ ವಾರಪತ್ರಿಕೆಯ ವರದಿಗಾರ. ಇಡೀ ಸೀಮೆಗೆ ಅವನೊಬ್ಬನೇ. ಎಲ್ಲ ದಂಡೆಗಳಿಗೂ ಓಡಲಾರ. ಅಪೊಂಡಿ ಕಂಡದ್ದನ್ನು ತಿಳಿಸುತ್ತಾಳೆ, ಅವನು ನಾಲ್ಕು ಕಡೆ ವಿಚಾರಿಸಿ ಬರೆಯುತ್ತಾನೆ. ಹೋದ ಸಲ ಪಂಪು ರಿಪೇರಿಯಾದದ್ದು ಹೀಗೆಯೇ. ಶನಿವಾರದ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಜೊತೆಯಾಗಿ ಬರುತ್ತದೆ. ಅದನ್ನು ಕಂಡವರಿಗೆಲ್ಲ ತೋರಿಸದೆ ಅವಳಿಗೆ ಗಂಟಲಲ್ಲಿ ಚಹಾ ಇಳಿಯುವುದಿಲ್ಲ.

ಈ ಜೋಡಿ ಕಳೆದ ಮಳೆಗಾಲದಲ್ಲೇ ಮುರಿದುಹೋಗಬೇಕಿತ್ತು. ಇಲ್ಲಿನ ದೋಣಿಗಳು ಕತ್ತಲಲ್ಲಿ ಹಗ್ಗ ಕಟ್ಟಿದ ದೀಪ ತೇಲಿಬಿಟ್ಟು ಒಮೆನಾ ಹಿಡಿಯುತ್ತವೆ. ಒಂದು ಬೆಳಿಗ್ಗೆ ಊರಿನ ಮೀನುಗಾರ ಒಬುಂಗನ ಕೆಂಪು ಬಣ್ಣದ ದೀಪ ಮಾತ್ರ ದಡಕ್ಕೆ ತೇಲಿಬಂತು, ದೋಣಿ ಬರಲಿಲ್ಲ. ಅಪೊಂಡಿ ಹಿಂದೆಮುಂದೆ ನೋಡದೆ "ಒಬುಂಗ ಮುಳುಗಿದ" ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿ, ಪತ್ರಿಕೆಗೂ ಕಳಿಸಿದಳು. ಅಳು ಮುಗಿಲು ಮುಟ್ಟಿತು. ಒಡೆರಾ ಮಾತ್ರ ಸುದ್ದಿಯನ್ನು ಅಚ್ಚಿಗೆ ಕೊಡದೆ ಒಂದೊಂದೇ ದಂಡೆಗೆ ಫೋನ್ ಮಾಡುತ್ತ ಹೋದ. ಗಾಳಿಗೆ ಕಿತ್ತುಹೋದದ್ದು ಬರೀ ದೀಪದ ಹಗ್ಗ. ಒಬುಂಗ ಪಕ್ಕದ ದಂಡೆಯಲ್ಲಿ ದೋಣಿ ಕಟ್ಟಿ ಚಹಾ ಕುಡಿಯುತ್ತ ಕೂತಿದ್ದ! ಮನೆಗೆ ಬಂದರೆ ಅಂಗಳದ ತುಂಬ ತನ್ನದೇ ಸಾವಿನ ಶೋಕ. ಅಳಲು ಬಂದವರಿಗೆಂದು ಬೇಯಿಸಿದ್ದ ಮೆಕ್ಕೆಜೋಳದ ಮುದ್ದೆ ಉಗಾಲಿಯನ್ನು ಮೊದಲು ಉಂಡವನು ಅವನೇ.

"ನಾಚಿಕೆಯಿಂದ ನಾನು ಸತ್ತೇಹೋದೆ. ಇನ್ನು ನನ್ನ ಮಾತು ಯಾರು ನಂಬ್ತಾರೆ ಅಂತ ಫೋನ್ ಒಳಗಿಟ್ಟುಬಿಟ್ಟೆ" ಎನ್ನುತ್ತಾಳೆ ಅಪೊಂಡಿ. ಒಡೆರಾ ವ್ಯಾನು ಹತ್ತಿ ಓಡಿಬಂದ. "ಅಕ್ಕಾ, ದೀಪ ಬಂದದ್ದು ನಿಜ ತಾನೆ? ಕಂಡದ್ದನ್ನಷ್ಟೇ ನೀನು ಹೇಳು. ಕಾಣದ್ದನ್ನ ಹುಡುಕೋದು ನನ್ನ ಕೆಲಸ" ಅಂದ. ಆ ಶನಿವಾರ ಪತ್ರಿಕೆಯಲ್ಲಿ, ವಾಟ್ಸಾಪಿನಲ್ಲಿ ಹಬ್ಬಿದ ಸುಳ್ಳು ಸುದ್ದಿಯ ತಪ್ಪೊಪ್ಪಿಗೆಯೂ ಇಬ್ಬರ ಹೆಸರಲ್ಲೇ ಅಚ್ಚಾಯಿತು. ತಾನು ಮಾಡದ ತಪ್ಪಿಗೂ ಹೆಸರು ಕೊಟ್ಟನಲ್ಲ, ಅದನ್ನು ನೆನೆದರೆ ಅವಳ ಮನಸ್ಸು ತುಂಬಿಬರುತ್ತದೆ.

ಬಲೆ ಹೊತ್ತ ಒಬುಂಗ ಹಾದುಹೋಗುತ್ತ ಕೆಣಕುತ್ತಾನೆ: "ಏನಕ್ಕಾ, ಇವತ್ತು ನಾನು ಬದುಕಿದೀನಾ?"

"ಹೋಗೋ! ನಿನ್ನ ನಾಲಿಗೆಗೆ ನೂರು ವರ್ಷ ಗ್ಯಾರಂಟಿ."

ಇನ್ನೇನು ಆಸೆ ಎಂದು ಕೇಳಿದರೆ ಅಪೊಂಡಿ ಮೀನು ಹರಡುತ್ತಲೇ ನಗುತ್ತಾಳೆ. "ಈ ಒಬುಂಗ ಹಣ್ಣು ಮುದುಕನಾಗಿ ಹಾಸಿಗೆಯಲ್ಲೇ ಹೋಗ್ಲಿ. ಆ ಸುದ್ದಿ ನಾನೇ ಕೊಡ್ಬೇಕು. ಮೊದಲು ಇವನಿಗೇ ಫೋನ್ ಮಾಡಿ ನೋಡ್ತೀನಿ. ಎತ್ತಲಿಲ್ಲ ಅಂದ್ರೂ ಬರೆಯಲ್ಲ, ಒಡೆರನ್ನ ಕೇಳ್ತೀನಿ."